ಕ್ಲಿಕ್ಕಿಸಿದಾಗ ಕಾಣದ್ದು

ಬಾದಾಮಿಯಿಂದ 5 ಕಿ.ಮೀ. ದೂರದ ಬನಶಂಕರಿಗೆ ನಾನು ಹೋದದ್ದು ಫೋಟೋ ತೆಗೆಯಲಿಕ್ಕಲ್ಲ. ನಿಜ ಹೇಳಬೇಕೆಂದರೆ ದೇವಿಯ ದರ್ಶನಕ್ಕೂ ಅಲ್ಲ. ಬೆಳಗಿನಿಂದ ಗುಹೆಗಳ ಮೆಟ್ಟಿಲು ಹತ್ತಿ ಇಳಿದು ಹೊಟ್ಟೆ ಚುರುಗುಡುತ್ತಿತ್ತು. ಆಟೋದವರು "ಗುಡಿ ಮುಂದ ರೊಟ್ಟಿ ಸಿಗ್ತಾವ್ರೀ" ಅಂದರು, ಹತ್ತಿ ಕೂತೆ.

ಗುಡಿಯ ಎದುರಿಗೆ ಹರಿದ್ರಾತೀರ್ಥದ ಹೊಂಡ, ಅದರ ಅಂಚಿಗೆ ಕಲ್ಲುಕಂಬಗಳ ಸಾಲು. ನೆರಳಿನಲ್ಲಿ ಬುಟ್ಟಿ ಇಳಿಸಿಕೊಂಡು ಹೆಂಗಸರು ಕೂತಿದ್ದರು. ಬುಟ್ಟಿಯೊಳಗೆ ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ, ಡಬ್ಬಿಗಳಲ್ಲಿ ಝುಣಕ, ಎಣ್ಣೆಗಾಯಿ, ಕೆಂಪು ಚಟ್ನಿ, ಪುಟ್ಟ ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಮೊಸರು. ನಡುವಯಸ್ಸಿನ ಒಬ್ಬಾಕೆ ರೊಟ್ಟಿಯ ಗಂಟು ಬಿಚ್ಚುತ್ತಿದ್ದಳು. ಬಟ್ಟೆಯ ನಾಲ್ಕು ಮೂಲೆಗಳು ಒಂದೊಂದಾಗಿ ಹೂವಿನ ಎಸಳಿನಂತೆ ಆಚೆ ಬಿದ್ದವು. ಯೋಚನೆಯೇ ಮಾಡದೆ ಕ್ಯಾಮೆರಾ ಎತ್ತಿ ಒತ್ತಿಬಿಟ್ಟೆ.

ಒತ್ತಿದ ಮೇಲೆ ನಾಚಿಕೆಯಾಯಿತು. ಕೇಳದೆ ತೆಗೆದೆನಲ್ಲ! "ಅಕ್ಕಾ, ಒಂದು ಫೋಟೋ ತೆಗೀಲಾ?" ಎಂದೆ.

"ನಂದ್ಯಾಕ್ರೀ ಅಣ್ಣಾ? ಗುಡೀದು ತಗೀರಿ" ಎಂದು ನಕ್ಕಳು. ಆದರೂ ಸೆರಗು ಸರಿಮಾಡಿಕೊಂಡಳು, ಗಂಟನ್ನು ಬದಿಗೆ ಸರಿಸಿದಳು, ಕೈ ತೊಡೆಯ ಮೇಲಿಟ್ಟು ನೆಟ್ಟಗೆ ಕೂತಳು. ಇಷ್ಟು ಹೊತ್ತು ಇದ್ದ ಮುಖ ಹೋಗಿ ಆಧಾರ್ ಕಾರ್ಡಿನ ಮುಖ ಬಂತು. ಅದನ್ನೂ ತೆಗೆದೆ. ಪಯಣದಲ್ಲಿ ಕ್ಯಾಮೆರಾ ಹಿಡಿದವರಿಗೆಲ್ಲ ಗೊತ್ತಿರುವ ಫಜೀತಿ ಇದು: ಕೇಳಿದರೆ ಚಿತ್ರ ಸಾಯುತ್ತದೆ, ಕೇಳದಿದ್ದರೆ ಮನಸ್ಸು ಚುಚ್ಚುತ್ತದೆ. ಮೈಸೂರಿನ ಟಿ.ಎಸ್. ಸತ್ಯನ್ ಅವರ ಚಿತ್ರಗಳಲ್ಲಿ ಮಕ್ಕಳು ಎಷ್ಟು ತಮ್ಮ ಪಾಡಿಗೆ ತಾವು ಇರುತ್ತಾರೆಂದರೆ, ಈ ಮನುಷ್ಯ ಅಲ್ಲಿ ಅದೆಷ್ಟು ಹೊತ್ತು ಸುಮ್ಮನೆ ಕೂತಿದ್ದರೋ ಅನ್ನಿಸುತ್ತದೆ. ನನಗೆ ಆ ತಾಳ್ಮೆ ಇಲ್ಲ, ಹಸಿವು ಬೇರೆ.

ತಪ್ಪೊಪ್ಪಿಗೆಯ ಹಾಗೆ ಎರಡೂ ಚಿತ್ರಗಳನ್ನು ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ ತೋರಿಸಿದೆ. ಕದ್ದು ತೆಗೆದದ್ದನ್ನು ನೋಡಿ ಆಕೆ, "ಇದರಾಗ ನನ್ನ ಮಾರೀನ ಇಲ್ಲಲ್ರೀ!" ಅಂದಳು. ಹೌದು, ಬರೀ ಕೈ, ಬಟ್ಟೆ, ರೊಟ್ಟಿ. ಆಮೇಲೆ ಪರದೆಯ ಮೇಲೆ ಬೆರಳಿಟ್ಟು ಏನೋ ಹೇಳಿ ಇನ್ನೊಮ್ಮೆ ಜೋರಾಗಿ ನಕ್ಕಳು. ಗುಡಿಯ ಗಂಟೆಯ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ಮುಖವಿಲ್ಲದ ಫೋಟೋ ನೋಡಿ ನಗುತ್ತಿದ್ದಾಳೆಂದು ನಾನೂ ನಕ್ಕೆ. "ಆಮ್ಯಾಲ ತಗೀರಂತ, ಮೊದ್ಲ ಉಣ್ರಿ" ಎಂದು ಎರಡು ರೊಟ್ಟಿ ಕೈಗಿಟ್ಟಳು.

ನನ್ನದು ಒಳಗೆ ಕನ್ನಡಿ ಇರುವ ಹಳೆ ಮಾದರಿಯ ಕ್ಯಾಮೆರಾ. ಲೆನ್ಸಿನಿಂದ ಬಂದ ಬೆಳಕನ್ನು ಆ ಕನ್ನಡಿ ನಮ್ಮ ಕಣ್ಣಿಗೆ ತಿರುಗಿಸಿ ಕೊಡುತ್ತದೆ. ಗುಂಡಿ ಒತ್ತಿದ ಕೂಡಲೇ ಅದು ಟಪ್ಪನೆ ಮೇಲೇಳುತ್ತದೆ, ಬೆಳಕು ಹಿಂದಕ್ಕೆ ಹೋಗಿ ಚಿತ್ರವಾಗುತ್ತದೆ, ಕನ್ನಡಿ ಮತ್ತೆ ಕೆಳಗಿಳಿಯುತ್ತದೆ. ಅಷ್ಟು ಹೊತ್ತು ಕಣ್ಣಿಟ್ಟ ಕಿಂಡಿಯಲ್ಲಿ ಕತ್ತಲೆ. ಬರೀ ರೆಪ್ಪೆ ಬಡಿಯುವಷ್ಟು ಹೊತ್ತು, ನಿಜ. ಆದರೆ ಚಿತ್ರವಾಗುವುದು ಅದೇ ಹೊತ್ತಿನಲ್ಲಿ. ಅಂದರೆ ನಾನು ತೆಗೆದ ಯಾವ ಚಿತ್ರದ ಕ್ಷಣವನ್ನೂ ನಾನು ನೋಡಿಲ್ಲ! ಅದರ ಮುಂಚಿನದನ್ನು ನೋಡಿದ್ದೇನೆ, ಆಮೇಲಿನದನ್ನು ನೋಡಿದ್ದೇನೆ. ಇಷ್ಟು ವರ್ಷ ಕ್ಯಾಮೆರಾ ಹೊತ್ತು ತಿರುಗಿದರೂ ಈ ಸಣ್ಣ ಸಂಗತಿ ತಲೆಗೆ ಹೊಳೆದದ್ದು ಆ ಊರಿನಿಂದ ಬಂದ ಮೇಲೆ.

ಆಗ ಫ್ರೆಂಚ್ ಛಾಯಾಗ್ರಾಹಕ ಅಂರಿ ಕಾರ್ತಿಯೆ-ಬ್ರೆಸೋನ್ ನೆನಪಾದ. 1932ರಲ್ಲಿ ಪ್ಯಾರಿಸಿನ ಸೇಂಟ್ ಲಝಾರ್ ರೈಲು ನಿಲ್ದಾಣದ ಹಿಂದೆ, ಹಲಗೆಬೇಲಿಯ ಸಂದಿಯಲ್ಲಿ ಲೆನ್ಸ್ ತೂರಿಸಿ ಅವನು ತೆಗೆದ ಚಿತ್ರ ಜಗತ್ಪ್ರಸಿದ್ಧ: ನಿಂತ ನೀರಿನ ಮೇಲೆ ಹಾರಿದ ಮನುಷ್ಯನ ಹಿಮ್ಮಡಿ ಇನ್ನೇನು ನೀರಿಗೆ ತಾಗಬೇಕು. ಸಂದಿ ಇಕ್ಕಟ್ಟಾಗಿದ್ದರಿಂದ ಚಿತ್ರದ ಎಡಗಡೆಯನ್ನು ಕತ್ತರಿಸಬೇಕಾಯಿತು. ಹಾರಿದವನ ಹಿಂದಿನ ಗೋಡೆಯ ಪೋಸ್ಟರಿನಲ್ಲಿ ಒಬ್ಬಳು ನರ್ತಕಿಯೂ ಹಾಗೆಯೇ ಹಾರಿದ್ದಾಳೆ. ಅಷ್ಟು ಸಣ್ಣ ಸಂದಿಯಲ್ಲಿ ಅವಳೂ ಕಾರ್ತಿಯೆ-ಬ್ರೆಸೋನನ ಕಣ್ಣಿಗೆ ಬಿದ್ದಿದ್ದಳು ಎಂದರೆ ನಾನಂತೂ ನಂಬಲಾರೆ. ಅವನು 1952ರಲ್ಲಿ ತಂದ ಪುಸ್ತಕ ಇಂಗ್ಲಿಷಿನಲ್ಲಿ 'ನಿರ್ಣಾಯಕ ಕ್ಷಣ' ಎಂಬ ಗಂಭೀರ ಹೆಸರು ಹೊತ್ತಿತು. ಫ್ರೆಂಚಿನ ಮೂಲ ಹೆಸರಿನಲ್ಲಿ ಅಂಥ ಠೀವಿ ಇಲ್ಲ. ಪರವಾನಗಿ ಇಲ್ಲದೆ ಬೀದಿಬದಿ ಸರಕು ಹರಡಿಕೊಂಡು, ಪೊಲೀಸರು ಕಂಡರೆ ಎದ್ದು ಓಡುವ ವ್ಯಾಪಾರಿಗಳ ವಿಷಯದಲ್ಲಿ ಅಲ್ಲಿನವರು ಬಳಸುವ ಮಾತು ಅದು. ನನಗೆ ಆ ಹೆಸರೇ ಇಷ್ಟ. ಬುಟ್ಟಿ ಹೊತ್ತವರ ನಡುವೆ ನಾನೂ ಒಂದು ಚೀಲ ಹೊತ್ತವನು. ಅವರಾದರೂ ಉಣ್ಣಲು ಕೊಡುತ್ತಾರೆ.

ಶಿಕಾಗೋದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕಿದ್ದ ವಿವಿಯನ್ ಮೇಯರ್ ಕತೆ ಇನ್ನೂ ವಿಚಿತ್ರ. ಬೀದಿ ಅಲೆಯುತ್ತ ಅವಳು ತೆಗೆದ ಚಿತ್ರಗಳು ಒಂದು ಲಕ್ಷಕ್ಕೂ ಹೆಚ್ಚು. ನೂರಾರು ರೀಲುಗಳನ್ನು ತೊಳೆಸಲೇ ಇಲ್ಲ. 2007ರಲ್ಲಿ, ಬಾಡಿಗೆ ಕಟ್ಟದ ಉಗ್ರಾಣದ ಸಾಮಾನು ಹರಾಜಾದಾಗ ಅವು ಯಾರ್‍ಯಾರದೋ ಕೈಗೆ ಬಿದ್ದವು. 2009ರಲ್ಲಿ ಅವಳು ತೀರಿಕೊಂಡಳು. ನನ್ನ ಕ್ಯಾಮೆರಾದಲ್ಲಿ ಕ್ಷಣಮಾತ್ರ ಇದ್ದ ಕತ್ತಲೆ ಅವಳ ಆ ರೀಲುಗಳಲ್ಲಿ ಜೀವಮಾನವಿಡೀ ಇತ್ತು. ನೋಡಲಿಕ್ಕಲ್ಲದಿದ್ದರೆ ಮತ್ತೇತಕ್ಕೆ ತೆಗೆದಳು? ಕೇಳಿದರೆ ಬಹುಶಃ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಮನೆಗೆ ಬಂದ ನಾಲ್ಕನೇ ದಿನ ಆ ಎರಡು ಚಿತ್ರಗಳನ್ನು ಕಂಪ್ಯೂಟರಿಗೆ ಹಾಕಿದೆ. ಕೇಳಿ ತೆಗೆದದ್ದರಲ್ಲಿ ಎಲ್ಲ ಅಚ್ಚುಕಟ್ಟು: ಆಕೆ, ಬುಟ್ಟಿ, ಹಿಂದೆ ಒಂದು ಕಲ್ಲುಕಂಬ. ಕೇಳದೆ ತೆಗೆದದ್ದರಲ್ಲಿ ಕೈಗಳು ಕೊಂಚ ಅಲುಗಿವೆ, ಮುಖ ಇಲ್ಲ. ಎಡಗಡೆ ಮೇಲೆ ಅದೇ ಕಂಬದ ಹತ್ತಿರ ಏನೋ ಇದ್ದಂತೆ ಕಂಡು ದೊಡ್ಡದು ಮಾಡಿದೆ. ಆರೇಳು ವರ್ಷದ ಹುಡುಗಿ. ಖಾಲಿ ಬುಟ್ಟಿಯನ್ನು ಬೋರಲು ಮಾಡಿ ಟೊಪ್ಪಿಗೆಯ ಹಾಗೆ ತಲೆಗೆ ಹಾಕಿಕೊಂಡಿದ್ದಾಳೆ. ಒಂದು ಕೈಯಲ್ಲಿ ಅರ್ಧ ತಿಂದ ರೊಟ್ಟಿ. ನೇರ ನನ್ನನ್ನೇ ನೋಡುತ್ತಿದ್ದಾಳೆ. ನನಗೆ ಕತ್ತಲೆ ಕವಿದ ಹೊತ್ತಿನಲ್ಲಿ ಅವಳಿಗೆ ನಾನು ಪೂರಾ ಕಾಣುತ್ತಿದ್ದೆ. ಎರಡನೇ ಚಿತ್ರಕ್ಕೆ ತಿರುಗಿದೆ. ಕಂಬವಿದೆ, ಅವಳಿಲ್ಲ.

ಚೀಲದಿಂದ ಕ್ಯಾಮೆರಾ ತೆಗೆದು ಬೆಳಕಿಗೆ ಹಿಡಿದೆ. ಪರದೆಯ ಮೇಲೆ, ಎಡಗಡೆಯ ಮೂಲೆಯಲ್ಲಿ, ಝುಣಕದ ಎಣ್ಣೆ ಅಂಟಿದ ಬೆರಳಿನ ಗುರುತು ಇನ್ನೂ ಹಾಗೇ ಇತ್ತು.