ಉಳಿದ ತಾಸು ಯಾರದು?

ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣದಿಂದ ಹುಬ್ಬಳ್ಳಿಯ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 415 ಕಿಲೋಮೀಟರು. ರಸ್ತೆಯಲ್ಲಾದರೆ 500ರ ಆಸುಪಾಸು. ಹಾರಾಟ ಒಂದೂಕಾಲು ತಾಸು ಅನ್ನಿ. ರಾತ್ರಿ ಬಸ್ಸು ಹತ್ತಿ, ಬೆಳಕು ಹರಿದ ಮೇಲೆ ಊರು ಕಾಣುತ್ತಿದ್ದ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ.

ಆದರೆ ಬ್ಯಾಂಕಿನಲ್ಲಿ ಲೆಕ್ಕ ನೋಡಿ ನೋಡಿ, ಅಂಕಿಯ ಹಿಂದೆ ಏನಿದೆ ಅಂತ ಕೆದಕುವುದು ನನಗೆ ಚಟವಾಗಿಬಿಟ್ಟಿದೆ. ವೇಳಾಪಟ್ಟಿಯ ಒಂದೂಕಾಲು ತಾಸು ಎಂದರೆ ವಿಮಾನ ತಾನು ನಿಂತ ಜಾಗ ಬಿಟ್ಟು ಇನ್ನೊಂದು ಊರಲ್ಲಿ ನಿಲ್ಲುವವರೆಗಿನ ಹೊತ್ತು. ಅದು ವಿಮಾನದ ಲೆಕ್ಕ, ಮನುಷ್ಯನದಲ್ಲ. ನಾನಿರುವುದು ಜೀಡಿಮೆಟ್ಲಾದಲ್ಲಿ, ನಗರದ ಉತ್ತರಕ್ಕೆ, ಕಾರ್ಖಾನೆಗಳ ಮಗ್ಗುಲಲ್ಲಿ. ಶಂಷಾಬಾದ್ ಇರುವುದು ದಕ್ಷಿಣಕ್ಕೆ. 2008ರಲ್ಲಿ ವಿಮಾನಗಳು ಬೇಗಂಪೇಟೆಯಿಂದ ಅಲ್ಲಿಗೆ ಹೋದ ಮೇಲೆ ನಮಗೆ ನಿಲ್ದಾಣವೇ ಒಂದು ಊರಿನಷ್ಟು ದೂರವಾಯಿತು. ಅಲ್ಲಿಗೆ ಮುಟ್ಟಲು ಒಂದೂವರೆ ಎರಡು ತಾಸು, ತಪಾಸಣೆಗೆಂದು ಮುಂಚೆ ಎರಡು ತಾಸು. ಹುಬ್ಬಳ್ಳಿಯ ನಿಲ್ದಾಣ ಗೋಕುಲ ರಸ್ತೆಯಲ್ಲೇ ಇರುವುದರಿಂದ ಆ ಕಡೆ ಅರ್ಧ ತಾಸು. ಸಾಮಾನು ಬರುವುದನ್ನು ಕಾಯುವುದೂ ಸೇರಿ ಮನೆಯಿಂದ ಮನೆಗೆ ಆರು ತಾಸು.

ಬಸ್ಸಿಗಾದರೆ ಹನ್ನೆರಡು. ಅಂದರೆ ಹೋಗಿ ಬರುವಷ್ಟರಲ್ಲಿ ಹನ್ನೆರಡು ತಾಸು ಉಳಿಯಿತು. ಪ್ರಶ್ನೆ ಇರುವುದು ಇಲ್ಲೇ ನೋಡಿ. ಈ ಉಳಿತಾಯ ಯಾರ ಖಾತೆಗೆ ಜಮಾ ಆಗಬೇಕು?

ಹುಬ್ಬಳ್ಳಿಯ ನಮ್ಮ ಅಕ್ಕ ಹೇಳುವುದುಂಟು: "ಬಸ್ಸಿನ್ಯಾಗ ಬರೂಮುಂದ ಮಂದಿ ಎಂಟು ದಿನ ಇರ್ತಿದ್ರೋ ತಮ್ಮಾ. ಈಗ ಹಾರಿ ಬರ್ತಾರ, ಹಾರಿ ಹೋಗ್ತಾರ." ದಾರಿ ಕಷ್ಟವಿದ್ದಾಗ, ಇಷ್ಟು ದೂರ ಬಂದಿದ್ದೇವೆ, ನಾಲ್ಕು ದಿನ ಇದ್ದೇ ಹೋಗೋಣ ಎನ್ನುತ್ತಿದ್ದೆವು. ದಾರಿಯ ಜೊತೆ ಇರುವಿಕೆಯೂ ಮೊಟಕಾಯಿತು.

ದೂರ ಕಡಿಮೆಯಾದರೆ ಕರ್ತವ್ಯ ಹೆಚ್ಚುತ್ತದೆಯೇ? ಹೆಚ್ಚುತ್ತದೆ ಅನ್ನುವುದು ನನ್ನ ಎಣಿಕೆ. ಮೊದಲು ಹೋಗದಿದ್ದರೆ 'ದೂರ' ಅಂದರೆ ಸಾಕಿತ್ತು, ಕೇಳುವವರೂ ಒಪ್ಪುತ್ತಿದ್ದರು. ಈಗ ಆ ಮಾತು ನಡೆಯುವುದಿಲ್ಲ.

ಆದರೆ ಎಲ್ಲರಿಗೂ ಒಂದೇ ಅಳತೆ ಹಿಡಿಯಬಾರದು. ಸರ್ಕಾರ 2016ರಲ್ಲಿ ಉಡಾನ್ ಯೋಜನೆ ತಂದು, ಒಂದು ತಾಸಿನ ಹಾರಾಟಕ್ಕೆ ಕೆಲವು ಸೀಟುಗಳ ದರವನ್ನು 2,500 ರೂಪಾಯಿಗೆ ಮಿತಿಗೊಳಿಸಿತು. ಕಂಪನಿಗೆ ಬೀಳುವ ಕೊರತೆಯನ್ನು ತುಂಬಿಕೊಡುವ ಏರ್ಪಾಡೂ ಇತ್ತು. ಉದ್ದೇಶ ಒಳ್ಳೆಯದೇ. ಆದರೂ ಜೀಡಿಮೆಟ್ಲಾದ ಕಾರ್ಖಾನೆಯಲ್ಲಿ ದಿನಗೂಲಿ ಮಾಡುವ ಬಿಹಾರದ ಹುಡುಗನಿಗೆ ರೈಲಿನ ಜನರಲ್ ಬೋಗಿಯೇ ಗತಿ. ಅವನು ವರ್ಷಕ್ಕೊಮ್ಮೆ ಊರಿಗೆ ಹೋದರೂ ಅವನ ಋಣ ಸಂದಂತೆ. ಶಕ್ತಿ ಇದ್ದಷ್ಟು ಕರ್ತವ್ಯ. ರಜೆ ಕೇಳುವ ಅಗತ್ಯವೇ ಇಲ್ಲದ, ತಿಂಗಳಾದರೆ ಪಿಂಚಣಿ ಬರುವ ನನ್ನಂಥವನಿಗೆ ಆ ರಿಯಾಯಿತಿ ಇಲ್ಲ.

ಟಿಕೆಟಿನ ದುಡ್ಡು ನನ್ನದೇ ಇರಬಹುದು. ಆದರೆ ಪ್ರಯಾಣಕ್ಕೆ ಕಾರಣ ಅಲ್ಲಿ ಕಾದು ಕೂತವರು. ಹಾಗಾಗಿ ಉಳಿದ ಹನ್ನೆರಡು ತಾಸೂ ಅವರದೇ. ಇದನ್ನು ಪಾಲಿಸಲು ಒಂದು ಸಣ್ಣ ನಿಯಮ ಇಟ್ಟುಕೊಂಡಿದ್ದೇನೆ: ಹೋಗುವ ದಿನ ನನ್ನ ಅನುಕೂಲಕ್ಕೆ, ಮರಳುವ ದಿನ ಮಾತ್ರ ಅಕ್ಕನನ್ನು ಕೇಳಿಯೇ.