ಎರಡು ಮನೆಗಳ ಮಗು

ಆದಿಕಾಂಡದ 21ನೆಯ ಅಧ್ಯಾಯದಲ್ಲಿ ಒಂದು ಕುಟುಂಬವು ಒಡೆದುಹೋದ ವೃತ್ತಾಂತವುಂಟು. ಅಬ್ರಹಾಮನ ಮನೆಯಿಂದ ಹೊರಡಿಸಲ್ಪಟ್ಟ ಹಾಗರಳು ಮಗನೊಡನೆ ಅರಣ್ಯದಲ್ಲಿ ಅಲೆದಳು. ತಿತ್ತಿಯ ನೀರು ತೀರಿದಾಗ ಹುಡುಗನನ್ನು ಪೊದೆಯ ಕೆಳಗೆ ಬಿಟ್ಟು, ಅವನ ಸಾವನ್ನು ನೋಡಲಾರದೆ ದೂರ ಹೋಗಿ ಕುಳಿತಳು. ಗಟ್ಟಿಯಾಗಿ ಅತ್ತವಳು ತಾಯಿ. ಆದರೆ ದೇವರು ಕೇಳಿದ್ದು ಹುಡುಗನ ಸ್ವರವನ್ನೆಂದು ಅಲ್ಲಿ ಕಾಣುತ್ತೇವೆ. ದೊಡ್ಡವರ ಗೋಳಿನ ಕೆಳಗೆ ಅಡಗಿದ ಆ ಸ್ವರವು ನಮ್ಮ ಕಿವಿಗೆ ಬೀಳುತ್ತದೋ?

ನಮ್ಮ ಹಳ್ಳಿಗಳಿಂದ ಹೋಗಿ ಬೆಂಗಳೂರಿನ ಪಡುವಣ ಬಡಾವಣೆಗಳಲ್ಲಿ ನೆಲಸಿದವರಲ್ಲಿ ಕೆಲವರ ವಿವಾಹವು ಮುರಿದಿರುವದು ಗುಟ್ಟೇನೂ ಅಲ್ಲ. ಕ್ರೈಸ್ತರ ವಿಚ್ಛೇದಕ್ಕೆ 1869ರ ಕಾಯಿದೆಯುಂಟು. ಇಬ್ಬರೂ ಒಪ್ಪಿ ಬಿಡುಗಡೆ ಕೇಳುವದಕ್ಕೆ 2001ರ ತಿದ್ದುಪಡಿಯು ಎಡೆಮಾಡಿತು. ಅದು ಸರಿಯೋ ತಪ್ಪೋ ಎಂಬ ವಾದವನ್ನು ಇಂದು ಎತ್ತುವದಿಲ್ಲ; ವಾದವು ಮುಗಿಯುವಷ್ಟರಲ್ಲಿ ಮಗುವು ಬೆಳೆದುಬಿಟ್ಟೀತು.

ತಾಯಿಯು ರಾಜಾಜಿನಗರದಲ್ಲಿ, ತಂದೆಯು ಕೆಂಗೇರಿಯಲ್ಲಿ ಎಂದಿಟ್ಟುಕೊಳ್ಳಿರಿ. ಶನಿವಾರ ಮಗುವು ದೊಡ್ಡವರೊಬ್ಬರ ಕೈಹಿಡಿದು ಮೆಟ್ರೋ ರೈಲನ್ನೇರಿ, ಮೆಜೆಸ್ಟಿಕ್ಕಿನಲ್ಲಿ ರೈಲು ಬದಲಿಸಿ, ತಂದೆಯ ಮನೆಗೆ ಹೋಗುತ್ತದೆ. ಆದಿತ್ಯವಾರ ಸಾಯಂಕಾಲ ಹಿಂದಿರುಗುತ್ತದೆ. ಬೆನ್ನ ಮೇಲಿನ ಚೀಲದಲ್ಲಿ ಬಟ್ಟೆ, ಪುಸ್ತಕ. ಅಷ್ಟೇ ಆಗಿದ್ದರೆ ಹಗುರವೇ ಸರಿ. ಫೀಸಿನ ಹಣ ಬಂದಿಲ್ಲವೆಂದು ಹೇಳು, ಅಲ್ಲಿಗೆ ಯಾರಾರು ಬಂದುಹೋಗುತ್ತಾರೆ ನೋಡಿಕೊಂಡು ಬಾ, ಎಂಬ ಮಾತುಗಳನ್ನೂ ನಾವು ಅದರಲ್ಲಿ ತುಂಬುತ್ತೇವಲ್ಲಾ!

2013ರಲ್ಲಿ ಕರ್ನಾಟಕದ ಹೈಕೋರ್ಟು ಒಬ್ಬ ಬಾಲಕನ ವಿಷಯದಲ್ಲಿ, ಜನವರಿಯಿಂದ ಜೂನ್ ತನಕ ತಂದೆಯ ಬಳಿಯಲ್ಲಿಯೂ ಜುಲೈಯಿಂದ ಡಿಸೆಂಬರ್ ತನಕ ತಾಯಿಯ ಬಳಿಯಲ್ಲಿಯೂ ಇರತಕ್ಕದ್ದೆಂದು ತೀರ್ಪಿತ್ತಿತು. ನ್ಯಾಯಾಧಿಪತಿಗಳು ತಿಂಗಳುಗಳನ್ನು ಹಂಚಬಲ್ಲರು. ಆ ತಿಂಗಳುಗಳಲ್ಲಿ ಮನೆಯೊಳಗೆ ಆಡುವ ಮಾತಿಗೆ ಕಾವಲಿಡಲಾರರು.

ನಮ್ಮದೇ ತಪ್ಪನ್ನು ಅರಿಕೆಮಾಡುತ್ತೇವೆ. ಕೆಲವು ವರುಷಗಳ ಹಿಂದೆ ಬೇಸಗೆಯ ರಜೆಯಲ್ಲಿ ಇಂಥ ಒಬ್ಬ ಎಂಟು ವಯಸ್ಸಿನ ಹುಡುಗನು ಅಜ್ಜಿಯ ಮನೆಗೆ ಬಂದಿದ್ದಾಗ, ಜಗಲಿಯಲ್ಲಿ ಕೂತಿದ್ದ ನಾವು, "ನಿನಗೆ ಯಾರು ಹೆಚ್ಚು ಇಷ್ಟ?" ಎಂದು ಕೇಳಿದೆವು. ಅವನು ಸುತ್ತಲಿದ್ದ ಮುಖಗಳನ್ನು ಒಮ್ಮೆ ನೋಡಿ, "ಇಲ್ಲಿ ಇದ್ದಾಗ ಅಪ್ಪ, ಅಲ್ಲಿ ಇದ್ದಾಗ ಅಮ್ಮ" ಎಂದನು. ಎಲ್ಲರೂ ನಕ್ಕೆವು. ಆ ರಾತ್ರಿ ಹೊಟ್ಟೆನೋವೆಂದು ಅತ್ತನು. ಅಜ್ಜಿಯು ಓಮದ ನೀರು ಕುಡಿಸಿದಳು. ನೋವು ಹೊಟ್ಟೆಯದಲ್ಲವೆಂದು ನಮಗೆ ತಿಳಿದದ್ದು ಬಹಳ ತಡವಾಗಿ.

ಆದ್ದರಿಂದ ಅಜ್ಜ ಅಜ್ಜಿಯರೇ, ಆ ಮಗುವನ್ನು ಸಾಕ್ಷಿಕಟ್ಟೆಗೆ ಏರಿಸಬೇಡಿರಿ. ಸೊಸೆಯ ಮೇಲೆ ಕೋಪವಿದ್ದರೆ ಅದನ್ನು ಪ್ರಾರ್ಥನೆಯಲ್ಲಿ ದೇವರಿಗೇ ಹೇಳಿರಿ. ರಾತ್ರಿ ಮಲಗುವ ಮುಂಚೆ ಅಮ್ಮನೊಡನೆ ಫೋನಿನಲ್ಲಿ ಮಾತಾಡಲಿ. ನೀವು ಬಾಗಿಲ ಬಳಿ ನಿಂತು ಕೇಳಬೇಡಿರಿ. "ನಿನ್ನಿಂದ ಹೀಗಾಗಲಿಲ್ಲ ಮಗು" ಎಂದು ಯಾರಾದರೂ ಹೇಳಲೇಬೇಕು, ಒಮ್ಮೆಯಲ್ಲ, ಅನೇಕಾವರ್ತಿ; ಮಕ್ಕಳು ಮನಸ್ಸಿನಲ್ಲಿ ತಪ್ಪನ್ನು ತಮ್ಮ ಮೇಲೆಯೇ ಹಾಕಿಕೊಳ್ಳುವದುಂಟು. ನಿದ್ರೆ, ಊಟ, ಪಾಠಗಳು ವಾರಗಟ್ಟಲೆ ಕೆಟ್ಟರೆ ವೈದ್ಯರಿಗೆ ತೋರಿಸಿರಿ. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಹಣವಿಲ್ಲದೆ ಮಾತಾಡಬಹುದು. ಪ್ರಾರ್ಥಿಸುವವರು ಇದಕ್ಕೆ ನಾಚಬೇಕಾದದ್ದಿಲ್ಲ.

ಅಬ್ರಹಾಮನು ತೀರಿಹೋದಾಗ ಇಸಾಕನೂ ಇಷ್ಮಾಯೇಲನೂ ಕೂಡಿಯೇ ಅವನನ್ನು ಮಕ್ಪೇಲದ ಗವಿಯಲ್ಲಿ ಹೂಣಿಟ್ಟರು. ಅಷ್ಟು ವರುಷ ಹಾಗರಳು ತಂದೆಯ ವಿಷಯವಾಗಿ ಮಗನಿಗೆ ಏನು ಹೇಳಿ ಬೆಳಸಿದಳೋ ಎಲ್ಲಿಯೂ ಬರೆದಿಲ್ಲ. ಮಗನು ಮಾತ್ರ ಬಂದನು.