ಆರಾಧನೆಯ ಒಳಗಿನ ಆಟ

ಯುವಜನರನ್ನು ಚರ್ಚಿನಲ್ಲಿ ಉಳಿಸಿಕೊಳ್ಳುವುದು ಹೇಗೆ ಎಂಬ ಮಾತು ಬಂದಾಗಲೆಲ್ಲ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಆಟ, ಹಾಡು, ಸ್ಪರ್ಧೆ ಇಟ್ಟು ಕರೆತನ್ನಿ ಎನ್ನುವವರು ಕೆಲವರು. ದೇವಾಲಯ ಆಟದ ಬಯಲಲ್ಲ, ಧರ್ಮೋಪದೇಶ ಬಿಗಿಯಾಗಲಿ ಎನ್ನುವವರು ಇನ್ನು ಕೆಲವರು. ಜಗಳವಾಡುವ ಈ ಎರಡು ಪಕ್ಷಗಳೂ ಆಟ ಬೇರೆ, ಆರಾಧನೆ ಬೇರೆ ಎಂದು ಒಪ್ಪಿಕೊಂಡೇ ಮಾತಾಡುತ್ತವೆ. ಆ ಒಪ್ಪಂದವೇ ತಪ್ಪು ಎಂಬುದು ನನ್ನ ವಾದ. ಆಗಮನ ಕಾಲ, ಕ್ರಿಸ್ಮಸ್, ತಪಸ್ಸು ಕಾಲ, ಪಾಸ್ಕ ಎಂದು ಸುತ್ತುವ ಚರ್ಚಿನ ವರ್ಷದೊಳಗೇ ಆಟವಿದೆ. ಹಣೆಗೆ ಬೂದಿ ಹಚ್ಚಿಕೊಳ್ಳುವುದು, ಗರಿ ಹಿಡಿದು ಮೆರವಣಿಗೆ ಹೋಗುವುದು, ಪಾದ ತೊಳೆಯುವುದು, ಪಾಸ್ಕ ಜಾಗರಣೆಯ ಕತ್ತಲಲ್ಲಿ ಹೊಸ ಬೆಂಕಿ ಹೊತ್ತಿಸುವುದು, ಇವೆಲ್ಲ ಮೈಯಿಂದ ಆಡಿ ತೋರಿಸುವ ನಂಬಿಕೆ. ಇದರಲ್ಲಿ ಯುವಜನರಿಗೆ ನಿಜವಾದ ಪಾತ್ರ ಸಿಕ್ಕರೆ ಹೊರಗಿನ ಆಕರ್ಷಣೆಯ ಹಂಗು ಬೇಕಾಗುವುದಿಲ್ಲ.

ಬೈಬಲ್ಲೇ ಇದಕ್ಕೆ ಸಾಕ್ಷಿ. ವಿಮೋಚನಕಾಂಡದ 12ನೇ ಅಧ್ಯಾಯದಲ್ಲಿ ಪಾಸ್ಕ ಊಟದ ವಿಧಿಯನ್ನು ಹೇಳುವಾಗ, ಇದರ ಅರ್ಥವೇನೆಂದು ಮಕ್ಕಳು ಕೇಳುತ್ತಾರೆ, ಆಗ ಹೇಳಿ ಎಂಬ ಸೂಚನೆಯಿದೆ. ಮೊದಲು ಮಾಡುವುದು, ಆಮೇಲೆ ಪ್ರಶ್ನೆ, ಕೊನೆಗೆ ಉಪದೇಶ. ನಮ್ಮ ಧರ್ಮೋಪದೇಶದ ತರಗತಿಗಳು ಈ ಕ್ರಮವನ್ನು ತಲೆಕೆಳಗು ಮಾಡಿವೆ. ಪ್ರವಾದಿ ಯೆಜೆಕಿಯೇಲ ಇಟ್ಟಿಗೆಯ ಮೇಲೆ ಜೆರುಸಲೇಮಿನ ಚಿತ್ರ ಬಿಡಿಸಿ, ಸುತ್ತ ಮುತ್ತಿಗೆ ಹಾಕಿ, ಮಕ್ಕಳಾಟದಂಥ ಒಂದು ಪ್ರದರ್ಶನದಿಂದ ಊರಿನ ನಾಶವನ್ನೇ ಸಾರಿದ. ಸಂತ ಅಸ್ಸಿಸಿಯ ಫ್ರಾನ್ಸಿಸ್ 1223ರಲ್ಲಿ ಗ್ರೆಚ್ಚೊ ಎಂಬ ಊರಲ್ಲಿ ಹುಲ್ಲು, ಎತ್ತು, ಕತ್ತೆಗಳನ್ನು ತಂದು ಕ್ರಿಸ್ತಜನನವನ್ನು ಕಣ್ಣೆದುರು ಕಟ್ಟಿದ. ಸಂತ ಡಾನ್ ಬೊಸ್ಕೊ ಹುಡುಗನಾಗಿದ್ದಾಗ ಹಗ್ಗದ ಮೇಲೆ ನಡೆದು, ಕೈಚಳಕ ತೋರಿಸಿ, ಸೇರಿದವರಿಗೆ ತಾನು ಕೇಳಿದ್ದ ಪ್ರಸಂಗವನ್ನು ಒಪ್ಪಿಸುತ್ತಿದ್ದ.

ಶಿವಮೊಗ್ಗ, ಭದ್ರಾವತಿಗಳಲ್ಲಿ ನಂಬಿಕೆಯನ್ನು ಹೀಗೆ ಆಡಿ ತೋರಿಸುವ ಕೆಲಸಕ್ಕೆ ಬೇಕಾದ ಸಾಮಗ್ರಿ ಹೇರಳವಾಗಿದೆ. 1988ರಲ್ಲಿ ಶಿವಮೊಗ್ಗ ಲ್ಯಾಟಿನ್ ಧರ್ಮಪ್ರಾಂತ್ಯವಾಯಿತು. 2007ರಲ್ಲಿ ಭದ್ರಾವತಿ ಸಿರೋ ಮಲಬಾರ್ ಧರ್ಮಪ್ರಾಂತ್ಯವಾಯಿತು. 1923ರಲ್ಲಿ ಶುರುವಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಹಲವು ಭಾಷೆಯ ಕಾರ್ಮಿಕರನ್ನು ಕರೆತಂದರೆ, ಕೇರಳದ ಸಿರೋ ಮಲಬಾರ್ ರೈತರು ಮಲೆನಾಡಿಗೆ ಬಂದು ನೆಲೆನಿಂತರು. ಹಾಗಾಗಿ ಒಂದೇ ಸೀಮೆಯಲ್ಲಿ ಎರಡು ಪಂಚಾಂಗ. 2024ರಲ್ಲಿ ಸಿರೋ ಮಲಬಾರ್ ಮನೆಗಳಲ್ಲಿ ತಪಸ್ಸು ಕಾಲ ಶುರುವಾಗುವ ಬೂದಿಯ ದಿನ ಫೆಬ್ರವರಿ 12ರ ಸೋಮವಾರ, ಲ್ಯಾಟಿನ್ ಮನೆಗಳಲ್ಲಿ 14ರ ಬುಧವಾರ. ಅವರು ಐವತ್ತು ನೋಂಬು ಎನ್ನುತ್ತಾರೆ. ಇವರು ಭಾನುವಾರಗಳನ್ನು ಬಿಟ್ಟು ನಲವತ್ತು ಎಣಿಸುತ್ತಾರೆ. ಎರಡೂ ಸೇರುವುದು ಮಾರ್ಚ್ 31ರ ಪಾಸ್ಕ ಹಬ್ಬದಲ್ಲಿ. ಎರಡೂ ಕಡೆಯ ಹುಡುಗ ಹುಡುಗಿಯರು ಕೂತು ಈ ಎರಡು ಹಾದಿಗಳನ್ನು ಒಂದೇ ಹಾಳೆಯ ಮೇಲೆ ಬಿಡಿಸಿ, ದಿನಕ್ಕೊಂದು ಮನೆ ದಾಟುವ ಆಟ ಮಾಡಿದರೆ ಉಪವಾಸದ ಅರ್ಥವೂ ಸಭೆಯ ಏಕತೆಯೂ ಒಟ್ಟಿಗೆ ತಿಳಿಯುತ್ತವೆ. ಕ್ರಿಸ್ಮಸ್ ಗೋದಲಿಯ ವಿಷಯವೂ ಹಾಗೇ. ಅಂಗಡಿಯ ಪ್ಲಾಸ್ಟಿಕ್ ಹುಲ್ಲಿನ ಬದಲು ತಟ್ಟೆಯಲ್ಲಿ ರಾಗಿ ಮೊಳಕೆ ಬೆಳೆಸುವುದಾದರೆ ದಿನದ ಲೆಕ್ಕ ಸರಿಯಾಗಿರಬೇಕು. ಬೇಗ ಬಿತ್ತಿದರೆ ಡಿಸೆಂಬರ್ 24ರ ಹೊತ್ತಿಗೆ ಪೈರು ಬಾಗಿ ಹಳದಿಯಾಗುತ್ತದೆ, ತಡವಾದರೆ ಮಣ್ಣೇ ಕಾಣುತ್ತದೆ. ಆಗಮನ ಕಾಲ ಕಲಿಸಬೇಕಾದ ಕಾಯುವಿಕೆ ಬೆರಳ ತುದಿಗೆ ಸಿಗುವುದು ಹೀಗೆ.

ಆಕ್ಷೇಪಗಳನ್ನು ತಳ್ಳಿಹಾಕುವಂತಿಲ್ಲ. ಮಗುತನವನ್ನು ಬಿಟ್ಟೆ ಎಂದು ಸಂತ ಪೌಲನೇ ಕೊರಿಂಥದವರಿಗೆ ಬರೆದಿದ್ದಾನೆ, ನಿಜ. ಆದರೆ ಅವನು ಬಿಟ್ಟದ್ದು ಅರೆಬರೆ ತಿಳಿವಳಿಕೆಯನ್ನು. ನಿಯಮವಿರುವ, ತಲ್ಲೀನತೆ ಬೇಡುವ ಆಟ ಬಲಿತ ಮನಸ್ಸಿನ ಕೆಲಸವೇ. ಶುಭ ಶುಕ್ರವಾರದ ದುಃಖಕ್ಕೆ ಆಟ ಸಲ್ಲದು ಎನ್ನುವವರಿಗೆ ಯೆಜೆಕಿಯೇಲನೇ ಉತ್ತರ: ಅವನು ಆಡಿ ತೋರಿಸಿದ್ದು ಮಹಾದುಃಖವನ್ನು. ಶಿಲುಬೆ ಹಾದಿಯಲ್ಲಿ, ಯೇಸುವಿನ ಶಿಲುಬೆಗೆ ಹೆಗಲು ಕೊಟ್ಟ ಸಿಮೋನನಾಗಿ ಮರದ ಭಾರ ಹೊತ್ತ ಹುಡುಗನಿಗೆ ಆ ನಿಲ್ದಾಣವನ್ನು ಬೇರೆ ವಿವರಿಸಬೇಕಿಲ್ಲ. ಮಾರ್ಚ್ ಎಂದರೆ ಎಸ್‌ಎಸ್‌ಎಲ್‌ಸಿ, ಪಿಯು ಪರೀಕ್ಷೆ, ಸಮಯವೆಲ್ಲಿ ಎಂಬ ಪೋಷಕರ ಮಾತು ಇನ್ನೂ ಗಟ್ಟಿ. ಅದಕ್ಕೆಂದೇ ತಪಸ್ಸು ಕಾಲದ ಆಟ ದಿನಕ್ಕೆ ಐದು ನಿಮಿಷ ಮೀರದ, ಮನೆಯಲ್ಲೇ ಆಡಬಹುದಾದ ಆಟವಾಗಿರಬೇಕು. ರಂಜನೆಗೆ ಬಂದವರು ರಂಜನೆ ಮುಗಿದೊಡನೆ ಹೋಗುತ್ತಾರೆ ಎಂಬ ಎಚ್ಚರಿಕೆಯನ್ನಂತೂ ನಾನು ಪೂರ್ತಿ ಒಪ್ಪುತ್ತೇನೆ. ಯಾವ ಹಬ್ಬಕ್ಕೂ ಸಂಬಂಧವಿಲ್ಲದ ಕ್ವಿಜ್, ಡಾನ್ಸ್ ಸ್ಪರ್ಧೆಗಳ ಗತಿ ಅದೇ. ದೇವತಾಶಾಸ್ತ್ರಜ್ಞ ರೊಮಾನೊ ಗುವಾರ್ದಿನಿ 1918ರ ತನ್ನ ಪುಸ್ತಕದಲ್ಲಿ ಆರಾಧನೆಯನ್ನು ಲಾಭದ ಲೆಕ್ಕವಿಲ್ಲದ ಆಟಕ್ಕೆ ಹೋಲಿಸಿದ. ತಲೆಯೆಣಿಕೆಗಾಗಿ ಆಡಿಸಿದ ಆಟ ಆರಾಧನೆಯೂ ಅಲ್ಲ, ಒಳ್ಳೆಯ ಆಟವೂ ಅಲ್ಲ.

ಆದ್ದರಿಂದ ಧರ್ಮಕೇಂದ್ರಗಳು ಕೈಹಾಕಬೇಕಾದ ಕೆಲಸ ದೊಡ್ಡ ಖರ್ಚಿನದಲ್ಲ. ಪ್ರತಿ ಕಾಲ ಆರಂಭವಾಗುವ ಮೊದಲು ಯುವಜನರನ್ನು ಕೂರಿಸಿ, ಈ ಕಾಲ ಏನನ್ನು ಕೇಳುತ್ತದೆ, ಅದನ್ನು ನೀವು ಹೇಗೆ ಆಡಿ ತೋರಿಸುತ್ತೀರಿ ಎಂದು ಕೇಳಬೇಕು; ಅವರು ಹೇಳಿದ್ದನ್ನು ಮಾಡಲು ಬಿಡಬೇಕು. ತಪ್ಪುಗಳಾಗುತ್ತವೆ, ತಿದ್ದಲು ಹಿರಿಯರಿದ್ದಾರೆ. ಓದಿಗೆಂದು, ಕೆಲಸಕ್ಕೆಂದು ಈ ಮಕ್ಕಳು ಬೆಂಗಳೂರು ಸೇರಿದ ಮೇಲೆ ಉಪದೇಶದ ಪುಸ್ತಕ ಜೊತೆಗೆ ಹೋಗುವುದು ಕಡಿಮೆ. ಕೈಯಾರೆ ಮಾಡಿದ ಹಬ್ಬ ಹೋದಲ್ಲೆಲ್ಲ ಮತ್ತೆ ಮಾಡಬಲ್ಲ ಹಬ್ಬವಾಗಿರುತ್ತದೆ.